ಹದಿನಾಲ್ಕು ಮಾರು ನೀರು

ಆ ಎರಡು ಅಂಕಿಗಳನ್ನು ಊಹಿಸಿ ಬರೆದದ್ದು ನಾನೇ. ಇದನ್ನು ಮೊದಲೇ ಹೇಳಬೇಕು, ಯಾಕೆಂದರೆ ನನ್ನ ದಿನಚರಿಯಲ್ಲಿ ಇದಿಲ್ಲ. ಅಲ್ಲಿರುವುದು ಇಷ್ಟೇ: ‘ಅರ್ಜಿ ಹೋಯಿತು. ಸಮಾಧಾನ.’

ಹೊನ್ನಾವರದ ನಮ್ಮ ಓಣಿಗೆ ಮೀನು ತರುವ ಹೆಂಗಸಿನ ಗಂಡ ಕೊಲ್ಲಿಯ ದೇಶವೊಂದರಲ್ಲಿ ಮೀನುಗಾರಿಕೆ ದೋಣಿಯ ಕೆಲಸಕ್ಕಿದ್ದ. ಗಡಿ ದಾಟಿದಿರೆಂದು ನೆರೆದೇಶದ ಕಾವಲು ಹಡಗಿನವರು ದೋಣಿಯಲ್ಲಿದ್ದವರನ್ನೆಲ್ಲ ಹಿಡಿದು ಒಳಗೆ ಹಾಕಿದರು. ನಾನು ಕುಮಟಾದ ಕಾಲೇಜಿನಲ್ಲಿ ಅಂತರರಾಷ್ಟ್ರೀಯ ಸಂಸ್ಥೆಗಳ ಪಾಠ ಮಾಡುವುದು ಅವಳಿಗೆ ಗೊತ್ತಿತ್ತು. ಬುಟ್ಟಿ ಇಳಿಸಿ, ಲೋಕಕ್ಕೆಲ್ಲ ದೊಡ್ಡ ಕೋರ್ಟೊಂದು ಇದೆಯಂತಲ್ಲ, ಅಲ್ಲಿಗೆ ಬರೆಯಿರಿ ಎಂದಳು. ಅದರ ಬಾಗಿಲು ತಟ್ಟಲು ದೇಶಗಳಿಗೆ ಮಾತ್ರ ಹಕ್ಕು ಎಂದು ವಿವರಿಸಿದೆ.

“ನಂಗೆ ದೇಶ ಎಂತಕ್ಕೆ ಅಕ್ಕೋರೆ, ಗಂಡ ಸಾಕು” ಎಂದಳು.

ಬಂಧನದಲ್ಲಿರುವವರ ದೂರು ಕೇಳುವ ಇನ್ನೊಂದು ಅಂತರರಾಷ್ಟ್ರೀಯ ಸಂಸ್ಥೆಗೆ ಬರೆದೆ. ಅವನ ಹೆಸರಿನ ಜೊತೆಗೆ, ಅದೇ ದೋಣಿಯ ಅಡುಗೆಯವನಾದ ಭಟ್ಕಳದವನ ಹೆಸರನ್ನೂ ಸೇರಿಸಿದೆ. ಉತ್ತರ ಬೇಗ ಬಂತು. ಹಿಡಿದ ಜಾಗದ ಅಕ್ಷಾಂಶ, ರೇಖಾಂಶ ತಿಳಿಸಿ ಎಂದಿದ್ದರು.

ಅವಳ ಗಂಡ ಒಂದೇ ಸಲ ಫೋನಿನಲ್ಲಿ ಸಿಕ್ಕಾಗ ಅವಳಿಗೆ ಹೇಳಿದ್ದು, ಹದಿನಾಲ್ಕು ಮಾರು ನೀರಲ್ಲಿದ್ದೆವು ಅಂತ. ನಮ್ಮ ಕಡೆ ದೋಣಿಯವರು ಕಡಲಿನ ಜಾಗವನ್ನು ಆಳದಿಂದಲೇ ಗುರುತಿಸುತ್ತಾರೆ. ಎರಡು ಕೈ ಚಾಚಿದರೆ ಒಂದು ಮಾರು. ಇಷ್ಟು ಮಾರು, ಕೆಸರು ತಳ, ಎದುರಿಗೆ ಇಂಥ ಗುಡ್ಡ ಎಂದರೆ ಇಡೀ ಬಂದರಿಗೆ ಅರ್ಥವಾಗುತ್ತದೆ. ಬಲೆ ಹರಿದ ಜಗಳಗಳನ್ನು ಹಿರಿಯರು ಇದರ ಮೇಲೆಯೇ ತೀರ್ಮಾನಿಸುತ್ತಾರೆ. ನ್ಯಾಯವಾಗಿ ತೀರ್ಮಾನಿಸುತ್ತಾರೆ ಎಂದು ಬರೆಯಲು ಹೊರಟಿದ್ದೆ. ಸೋತವರನ್ನು ನಾನು ಕೇಳಿಲ್ಲ.

ಮೊಬೈಲಿನಲ್ಲಿ ಸಮುದ್ರದ ನಕ್ಷೆ ತೆರೆದೆ. ಅಷ್ಟು ಆಳದ ಗೆರೆ ಗಡಿಯ ಎರಡೂ ಕಡೆ ಹರಿದಿತ್ತು. ಗಡಿಯ ಈಚೆಗೆ, ಅವನು ಕೆಲಸಕ್ಕಿದ್ದ ದೇಶದ ಕಡೆಗೆ, ಒಂದು ಬಿಂದು ಆರಿಸಿ ಅದರ ಅಂಕಿಗಳನ್ನು ಕಳಿಸಿದೆ. ಇದು ಅಂದಾಜು ಮಾತ್ರ ಎಂದು ಅವಳಿಗೆ ಹೇಳಿದ ನೆನಪಿದೆ. ಆದರೆ ನನ್ನ ನೆನಪು ನನ್ನ ಪರವಾಗಿಯೇ ಸಾಕ್ಷಿ ಹೇಳುವುದನ್ನು ಬಹಳ ಸಲ ಕಂಡಿದ್ದೇನೆ.

ಕೆಲವು ವಾರಗಳ ಮೇಲೆ ಇನ್ನೊಂದು ಪತ್ರ: ನಿಮ್ಮ ದೂರನ್ನು ಸಂಬಂಧಿಸಿದ ಸರ್ಕಾರದ ಅಭಿಪ್ರಾಯಕ್ಕೆ ಕಳಿಸಿದ್ದೇವೆ. ಅದನ್ನು ಅವಳಿಗೆ ಶುಭಸುದ್ದಿಯಂತೆ ಓದಿ ಹೇಳಿದೆ. ಆ ಸರ್ಕಾರವೆಂದರೆ ಹಿಡಿದಿಟ್ಟವರೇ ಎಂಬುದು, ಇದನ್ನೇ ಪಾಠ ಮಾಡುವ ನನಗೆ, ಆಗ ಹೊಳೆಯಲಿಲ್ಲವೇ?

ಮಳೆಗಾಲ ಕಳೆದು ಅವನು ಬಂದ. ಅಲ್ಲಿನ ಹಬ್ಬಕ್ಕೆ ಬಿಡುವ ಕೈದಿಗಳ ಪಟ್ಟಿಯಲ್ಲಿ ಅವನ ಹೆಸರಿತ್ತಂತೆ. ಹೆಂಡತಿಯ ಜೊತೆ ಬಂದು ನಮ್ಮ ಮೆಟ್ಟಿಲ ಮೇಲೆ ಕೂತ. ಉಳಿದವರನ್ನು ಮೊದಲೇ ಬಿಟ್ಟರಂತೆ. ಇವನನ್ನೂ ಅಡುಗೆಯವನನ್ನೂ ಬೇರೆ ಮಾಡಿ, ಮುಂದೆ ಆ ಅಂಕಿಗಳಿದ್ದ ಒಂದು ಕಾಗದ ಇಟ್ಟರಂತೆ. ನಿಮ್ಮ ಮನೆಯವರು ಒಂದು ಜಾಗ ಹೇಳುತ್ತಾರೆ, ದೋಣಿಯ ಯಜಮಾನ ಇನ್ನೊಂದು ಹೇಳುತ್ತಾನೆ, ಇದರಲ್ಲಿ ಸುಳ್ಳು ಯಾವುದು ಎಂದು ದಿನಾ ಕೇಳಿದರಂತೆ.

“ಆ ಜಾಗ ನಿಮ್ಗೆ ಯಾರು ಹೇಳ್ದ್ರು ಅಕ್ಕೋರೆ?”

ಅವನಿಗೆ ಸಿಟ್ಟಿರಲಿಲ್ಲ, ತಿಳಿದುಕೊಳ್ಳಬೇಕಿತ್ತು ಅಷ್ಟೇ. ಅವಳು ನನ್ನನ್ನೇ ನೋಡುತ್ತಿದ್ದಳು.

“ಯಾರೂ ಹೇಳಲಿಲ್ಲ” ಎಂದೆ.

ಅದೇ ವಾರ ಸಂಸ್ಥೆಯಿಂದ ಪತ್ರ ಬಂತು. ಪ್ರಕರಣ ಬಗೆಹರಿದದ್ದು ಸಂತೋಷ, ಕಡತ ಮುಚ್ಚಿದ್ದೇವೆ. ಅವರ ವರದಿಯಲ್ಲಿ ನಾವು ಯಶಸ್ಸಿನ ಸಾಲಿಗೆ ಸೇರಿರಬಹುದು. ಹಬ್ಬದ ಪಟ್ಟಿಗೆ ಇವನ ಹೆಸರು ಬಂದದ್ದು ನನ್ನ ಅರ್ಜಿಯಿಂದಲೇ ಇದ್ದೀತು ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ಆ ಅನಿಸಿಕೆಯನ್ನೂ ನಾನು ನಂಬುವುದಿಲ್ಲ. ಭಟ್ಕಳದ ಅಡುಗೆಯವನು ಇನ್ನೂ ಅಲ್ಲೇ ಇದ್ದಾನೆ.

ಅವನಿಗಾಗಿ ಮತ್ತೆ ಬರೆಯಬೇಕೆಂದು ಗಂಡ ಹೆಂಡತಿ ಇಬ್ಬರೂ ನಿನ್ನೆ ಬಂದರು. ಈ ಸಲ ಗಂಡ ಹೇಳಿದ, ನಾನು ಬರೆದೆ: ಹದಿನಾಲ್ಕು ಮಾರು, ಮರಳು ತಳ. ಅದರ ಕೆಳಗೆ, ಮೊದಲ ಅರ್ಜಿಯ ಅಂಕಿಗಳು ಬರೆದವಳ ಊಹೆ, ಕೈದಿಗಳದ್ದಲ್ಲ ಎಂದು ಸೇರಿಸಿ ಓದಿ ಹೇಳಿದೆ.

“ಇಷ್ಟಕ್ಕೆ ಅವ್ನ ಬಿಡ್ತಾರಾ?” ಎಂದಳು ಅವಳು.

ಗೊತ್ತಿಲ್ಲ ಎಂದೆ.

“ಆತು, ಕಳ್ಸಿ” ಎಂದ ಅವನು.