ಏಳು ಗಂಟೆಗೆ ಬೈದವರು ಏಳು ಗಂಟೆಗೇ ಹೇಳಲಿ

ರಾಯಚೂರಿನಲ್ಲಿ ನಮ್ಮ ಹಾಸ್ಟೆಲಿನ ಹಿಂದಿನ ಓಣಿಯಲ್ಲಿ ಒಂದು ಹಿಟ್ಟಿನ ಗಿರಣಿ ಇದೆ. ಮೊನ್ನೆ ಅದರ ಮುಂದೆ ಹಾದುಹೋಗುವಾಗ ಬಿಸಿ ಜೋಳದ ಹಿಟ್ಟಿನ ವಾಸನೆಯೂ ಕಾದ ಬೆಲ್ಟಿನ ವಾಸನೆಯೂ ಒಟ್ಟಿಗೆ ಬಂದು ಮೂಗಿಗೆ ಬಡಿದವು. ಅಲ್ಲೇ ನಿಂತುಬಿಟ್ಟೆ. ಎಷ್ಟು ಹೊತ್ತು ನಿಂತೆನೆಂದರೆ, ಗಿರಣಿಯವನು ನನ್ನನ್ನು ಗಿರಾಕಿಯೆಂದು ತಿಳಿದು ಮೂರು ಸಲ ಡಬ್ಬಿ ಕೇಳಿದ. ನನ್ನ ಕೈಯಲ್ಲಿ ಇದ್ದದ್ದು ಭೌತಶಾಸ್ತ್ರದ ಪುಸ್ತಕ. ಅದನ್ನೇ ಬೀಸಿಕೊಡು ಎನ್ನಬೇಕೆನಿಸಿತ್ತು.

ನಮ್ಮೂರು ಮಾನ್ವಿಯಲ್ಲಿ ನಮ್ಮ ಎದುರು ಮನೆಯವಳನ್ನು ಎಲ್ಲರೂ ಗಿರಣಿ ಅವ್ವ ಎನ್ನುತ್ತಿದ್ದರು. ಕಾಲೊನಿಯ ಬಾಯಲ್ಲೇ ಅವಳ ಗಿರಣಿ. ಮದುವೆಯಾಗಿ ದೇವದುರ್ಗದಿಂದ ಬಂದವಳು, ಗಂಡ ಬೇಗ ತೀರಿಕೊಂಡ ಮೇಲೆ ಕೂಲಿ ಮಾಡಿ ಕೂಡಿಟ್ಟು ಆ ಯಂತ್ರ ಹಾಕಿಸಿದ್ದಳು. ವರ್ಷಗಟ್ಟಲೆ ಯಂತ್ರದ ಸದ್ದಿನ ಮೇಲೆ ಮಾತಾಡಿ ಮಾತಾಡಿ ಅವಳ ದನಿ ಹೇಗಾಗಿತ್ತೆಂದರೆ, ಮಾನ್ವಿಯಲ್ಲಿ ಅವಳು ಪಿಸುಗುಟ್ಟಿದರೆ ಕವಿತಾಳದ ಬಸ್ ಸ್ಟ್ಯಾಂಡಿನಲ್ಲಿ ಮಲಗಿದ ಎಮ್ಮೆ ಎದ್ದು ನಿಲ್ಲುತ್ತಿತ್ತು.

ಗಿರಣಿಯ ಮೂಲೆಯಲ್ಲಿ ಒಂದು ಹಳೇ ಟಿವಿ. ಪರದೆಯ ಮೇಲೆ ಸದಾ ಹಿಟ್ಟು ಕೂತಿರುತ್ತಿದ್ದರಿಂದ ಅದರಲ್ಲಿ ಮಂತ್ರಿಗೂ ಮದುಮಗಳಿಗೂ ಕುರಿಮರಿಗೂ ತಲೆ ನೆರೆದಿರುತ್ತಿತ್ತು. ಸಂಜೆ ಏಳಕ್ಕೆ ಊರಿನ ಕೇಬಲ್ ಚಾನೆಲ್ಲಿನ ಸುದ್ದಿ. ಹಿಟ್ಟು ಬೀಸಿಸಲು ಬಂದ ಹೆಂಗಸರೆಲ್ಲ ಮೂಟೆಗಳ ಮೇಲೆ ಕೂತು ನೋಡುವರು. ಒಂದು ದಿನ ಸುದ್ದಿ ಓದುವ ಹುಡುಗಿ, ನಮ್ಮ ಕಾಲೊನಿಗೆ ನೀರು ಬಿಟ್ಟಾಯಿತು ಎಂದಳು. ಗಿರಣಿ ಅವ್ವ ಎದ್ದು ನಲ್ಲಿ ತಿರುಗಿಸಿ ಬಂದಳು. ಹನಿ ಇರಲಿಲ್ಲ. ಒಂದು ಇದ್ದಿಲು ಚೂರು ತೆಗೆದುಕೊಂಡು ಗೋಡೆಯ ಮೇಲೆ ಎರಡು ಸಾಲು ಎಳೆದಳು. ಒಂದರ ನೆತ್ತಿಗೆ ‘ಅಂದದ್ದು’, ಇನ್ನೊಂದರ ನೆತ್ತಿಗೆ ‘ಆದದ್ದು’.

ಅಂದಿನಿಂದ ದಿನಾ ಅದೇ ಕೆಲಸ. ಟಿವಿಯವರು ಹೇಳಿದ್ದು ಈ ಕಡೆ, ಓಣಿಯವರು ಕಣ್ಣಾರೆ ಕಂಡದ್ದು ಆ ಕಡೆ. ಯಾರೇ ಬರಲಿ, “ನಿಮ್ಮ ಕಡಿ ಖರೇನ ಹಂಗಾತೇನಬೇ?” ಎಂದು ಕೇಳಿಯೇ ಡಬ್ಬಿ ಇಳಿಸಿಕೊಳ್ಳುವಳು. ಕೆಲವರು ಸುದ್ದಿ ಹೇಳಲೆಂದೇ ಒಂದು ಸೇರು ಜೋಳ ಹಿಡಿದು ಬರತೊಡಗಿದರು. ನಮ್ಮ ಓಣಿಯಲ್ಲಿ ಆ ಚಳಿಗಾಲ ತಿಂದಷ್ಟು ರೊಟ್ಟಿ ಯಾವ ಸೈನ್ಯವೂ ತಿಂದಿರಲಾರದು.

ಆಮೇಲೆ ಆ ಗೋಡೆಗೆ ನನ್ನ ಹೆಸರೂ ಬಂತು.

ಆಗ ನಾನು ಆರನೇ ಕ್ಲಾಸು. ಒಂದು ಮಧ್ಯಾಹ್ನ ಗಿರಣಿಯ ಮುಂದೆ ದೊಡ್ಡ ಪೈಪು ತಾನಾಗಿಯೇ ಒಡೆಯಿತು. ನೀರು ಎಷ್ಟು ಎತ್ತರ ಹಾರಿತೆಂದರೆ ಮೇಲೆ ಹೋಗುತ್ತಿದ್ದ ಕಾಗೆಗಳು ಸ್ನಾನ ಮುಗಿಸಿ ಹೋದವು. ಎಲ್ಲರೂ ಕೊಡ ತರಲು ಓಡಿದರೆ ನಾನು ಸೈಕಲ್ಲಿನ ಹಳೇ ಟ್ಯೂಬು ತಂದು ಒಡೆದ ಜಾಗಕ್ಕೆ ಸುತ್ತಿ ಕಟ್ಟಿದೆ. ಆಗಲೇ ಚಾನೆಲ್ಲಿನ ಕ್ಯಾಮೆರಾದವನು ಬಂದ. ನಾನು ಕೂದಲು ಸರಿ ಮಾಡಿಕೊಂಡು ಟ್ಯೂಬಿನ ತುದಿ ಎತ್ತಿ ತೋರಿಸಿ ಹಲ್ಲು ಬಿಟ್ಟೆ. ಆಮೇಲೆ ಪೈಪು ರಿಪೇರಿಗೆ ಬಂದವರು ಆ ಟ್ಯೂಬು ಬಿಚ್ಚಿಕೊಂಡು ಹೋದರು. ಸಂಜೆ ಓಣಿಯನ್ನೆಲ್ಲ ಕರೆದು ಟಿವಿ ಮುಂದೆ ಕೂರಿಸಿದವನೂ ನಾನೇ.

“ಪೈಪು ಒಡೆದು ನೀರು ಕದಿಯುತ್ತಿರುವ ಕಾಲೊನಿ ಹುಡುಗರು!” ಎಂದಳು ಸುದ್ದಿಯ ಹುಡುಗಿ. ಪರದೆ ತುಂಬ ನನ್ನ ಮುಖ. ಹಲ್ಲು ಕಿಸಿದುಕೊಂಡು, ಕೈಯಲ್ಲಿ ಟ್ಯೂಬು ಹಿಡಿದ ಕಳ್ಳ.

ಮರುದಿನ ಶಾಲೆಯಲ್ಲಿ ನಾನು ಹೊಸ್ತಿಲು ದಾಟುವುದೇ ತಡ, “ಬಾಟ್ಲಿ ಮುಚ್ಕೊಳ್ರಲೇ, ಬಂದ!” ಎಂದು ಕೂಗು. ಅದನ್ನು ನಕ್ಕು ತಳ್ಳಬಹುದಿತ್ತು. ಆದರೆ ನನ್ನ ಅವ್ವ ಪೇಟೆಯ ಒಂದು ಮನೆಯಲ್ಲಿ ಅಡುಗೆ ಮಾಡುತ್ತಿದ್ದಳು. ಅವರು ಬಾಗಿಲಲ್ಲೇ ನಿಂತು, “ಈ ಕಳುವಿನ ಮಾತು ಮುಗಿಯೋತನಕ ಬರಬ್ಯಾಡ” ಎಂದು ಕಳಿಸಿದರು. ಅವ್ವ ಮನೆಗೆ ಬಂದು ಗೋಡೆಗೆ ಒರಗಿ ಕೂತಳು. ಆ ಕೂತ ರೀತಿ ಈಗಲೂ...

ಸಂಜೆಯೇ ಗಿರಣಿ ಅವ್ವ ನನ್ನ ರೆಟ್ಟೆ ಹಿಡಿದುಕೊಂಡು ಚಾನೆಲ್ ಆಫೀಸಿನ ಮೆಟ್ಟಿಲು ಹತ್ತಿದಳು. ಚಾನೆಲ್ಲಿನ ಮಾಲೀಕ ಮೇಜಿನ ಮೇಲೆ ಮಂಡಾಳ ಒಗ್ಗರಣಿ ಇಟ್ಟುಕೊಂಡು ಮಂಡಕ್ಕಿ ಮುಕ್ಕುತ್ತ ಕೂತಿದ್ದ.

“ಯವ್ವಾ, ನಾಕ ದಿನ ಆದ್ರ ಮಂದಿ ಮರೀತಾರ ಬಿಡ್ರಿ.”

“ಮಂದಿ ಮರೀತಾರ್ರಿ. ಇವರವ್ವನ ಹೊಟ್ಟಿ ಮರೀತದೇನು?”

“ಆತು, ಕೆಳಗ ಒಂದು ಸಣ್ಣ ಪಟ್ಟಿ ಓಡಸ್ತೀವಿ.”

“ಹಲಗಿ ಬಡದು ಬೈದು, ಕಿವ್ಯಾಗ ತಪ್ಪಾತು ಅಂತೀರೇನು? ಏಳು ಗಂಟಿಗೆ ಬೈದೀರಿ, ಏಳು ಗಂಟಿಗೇ ಹೇಳ್ರಿ. ಅದೇ ಹುಡುಗಿ, ಅದೇ ದನಿ.”

ಬರೀ ಇದೊಂದೇ ಅಲ್ಲ, ಗೋಡೆಯ ತುಂಬ ನಿಮ್ಮ ತಪ್ಪು ಬರೆದಿಟ್ಟಿದ್ದೇನೆ ಎಂದಳು. ಮಾಲೀಕ ಬಿದ್ದು ಬಿದ್ದು ನಕ್ಕ. “ಹಂಗಾರ ಗ್ವಾಡಿ ಹೊತ್ಕೊಂಡು ರಾಯಚೂರಿಗೆ ಹೋಗ್ರಿ!”

ಅವನು ಹೇಳಿದ್ದು ತಮಾಷೆಗೆ. ಅವಳು ಕೇಳಿಸಿಕೊಂಡದ್ದು ವಿಳಾಸ. ಕೇಬಲ್ ಚಾನೆಲ್ಲಿನ ಮೇಲೆ ದೂರಿದ್ದರೆ ರಾಯಚೂರಿನಲ್ಲಿ ಜಿಲ್ಲೆಯ ಅಧಿಕಾರಿಗಳಿಗೆ ಕೊಡಬಹುದು ಎಂದು ಕಾಲೊನಿಯ ಮೇಷ್ಟ್ರೊಬ್ಬರಿಂದ ತಿಳಿದುಕೊಂಡು ಅರ್ಜಿ ಬರೆಸಿದಳು. ಕೊನೆಗೆ ಕರೆ ಬಂತು. ಏಪ್ರಿಲ್ ತಿಂಗಳು, ಬಾಬಾಸಾಹೇಬರ ಜಯಂತಿಯ ಮರುದಿನವೇ ವಿಚಾರಣೆ, ದಾಖಲೆ ತನ್ನಿ ಎಂದು. ಅವಳು ಗೋಡೆಯ ಫೋಟೋ ತೆಗೆಸಬೇಕೆಂದು ಫೋನಿರುವ ತಂಗಿಯ ಮಗನನ್ನು ಕರೆತರಲು ದೇವದುರ್ಗಕ್ಕೆ ಹೋದಳು. ಗಿರಣಿಯ ಬೀಗದ ಕೈ ನನಗೆ ಕೊಟ್ಟು, “ಚೊಕ್ಕ ಇಡಲೇ” ಎಂದಳು.

ಆ ಜಯಂತಿ ಬಂದರೆ ನಮ್ಮ ಕಾಲೊನಿಯಲ್ಲಿ ಸುಣ್ಣ ಕಾಣದ ಗೋಡೆ ಉಳಿಯುವುದಿಲ್ಲ. ಹುಡುಗರೆಲ್ಲ ಬಕೆಟ್ಟು ಹಿಡಿದು ಇಳಿಯುತ್ತೇವೆ; ನಡುವೆ ನಿಂತ ನಾಯಿಗೂ ಒಂದು ಕೋಟು ಬೀಳುತ್ತದೆ. ಎಲ್ಲರ ಗೋಡೆ ಬೆಳ್ಳಗಾಗಿ, ಗಿರಣಿ ಅವ್ವನದು ಮಾತ್ರ ಇದ್ದಿಲಿನಿಂದ ಕಪ್ಪಗಿತ್ತು. ನನಗಾಗಿ ಇಷ್ಟೆಲ್ಲ ಓಡಾಡುವವಳು, ಹಬ್ಬದ ದಿನ ಅವಳ ಗೋಡೆ ಹೀಗಿರಬೇಕೇ? ಒಳಗೂ ಹೊರಗೂ ಹೊಡೆದೆ. ಎರಡು ಕೋಟು. ಎರಡನೆಯದು ಮುಗಿದು, ದೂರ ನಿಂತು, ಸೊಂಟದ ಮೇಲೆ ಕೈಯಿಟ್ಟು ನನ್ನ ಕೆಲಸವನ್ನು ನಾನೇ ಮೆಚ್ಚಿಕೊಳ್ಳುವಾಗ ತಿಳಿಯಿತು, ನಾನು ಏನನ್ನು ಹೊಡೆದು ಹಾಕಿದ್ದೇನೆಂದು.

ಅವಳು ತಂಗಿಯ ಮಗನೊಂದಿಗೆ ಬಂದಾಗ ನಾನು ಜೋಳದ ಮೂಟೆಗಳ ಹಿಂದೆ ಅಡಗಿದ್ದೆ. ಅವಳು ಗೋಡೆ ಮುಟ್ಟಿದಳು. ಬೆರಳಿಗೆ ಹತ್ತಿದ ಸುಣ್ಣ ನೋಡಿದಳು.

“ಬಾರಲೇ ಹೊರಗ. ಛಲೋ ಹೊಡ್ದೀ ನೋಡು. ಒಂದಕ್ಷರ ಬಿಟ್ಟಿಲ್ಲ.”

ಬೈದಿದ್ದರೆ ಅಳುತ್ತಿರಲಿಲ್ಲ. ಬೈಯದಿದ್ದಕ್ಕೇ ಅಳು ಬಂತು. ಅಷ್ಟರಲ್ಲಿ ಪಕ್ಕದ ಓಣಿಯವಳೊಬ್ಬಳು ಡಬ್ಬಿ ಹಿಡಿದು ಬಂದು ಬರೀ ಗೋಡೆ ನೋಡಿ ಅಯ್ಯಯ್ಯೋ ಎಂದಳು. “ನನ್ನ ಸಜ್ಜಿ ದಿನದ್ದೂ ಹೋತೇನಬೇ?”

“ಸಜ್ಜಿ ದಿನ ಯಾವುದು?”

“ಎಳ್ಳಮಾಸಿ ಹಬ್ಬದ ಮುಂದ ಸಜ್ಜಿ ತಂದಿದ್ದೆ. ನಮ್ಮ ಓಣಿಗೆ ಟ್ಯಾಂಕರ್ ಬಂತು ಅಂದ್ರಲ್ಲ ಟಿವ್ಯಾಗ! ಹಿಟ್ಟು ಇಲ್ಲೇ ಬಿಟ್ಟು ಕೊಡ ತಗೊಂಡು ಓಡಿದ್ದೆ. ಟ್ಯಾಂಕರೂ ಇಲ್ಲ, ಬಂದು ನೋಡಿದ್ರ ನಿನ್ನ ಮೇಕಿ ಹಿಟ್ಟಿಗೆ ಬಾಯಿ ಹಾಕಿತ್ತು.”

ಗಿರಣಿ ಅವ್ವ ಯಂತ್ರ ಹಚ್ಚಲಿಲ್ಲ. ನನ್ನನ್ನು ಮನೆಮನೆಗೆ ಓಡಿಸಿದಳು. ಒಬ್ಬೊಬ್ಬರೇ ಬಂದರು. ತಾರೀಖು ಯಾರಿಗೂ ನೆನಪಿಲ್ಲ, ಹಿಟ್ಟು ಎಲ್ಲರಿಗೂ ನೆನಪಿತ್ತು. ನವಣೆ ಬೀಸಿಸಿದ ದಿನ ದವಾಖಾನೆಗೆ ಡಾಕ್ಟರು ಬಂದರೆಂದು ಟಿವಿಯಲ್ಲಿ ಅಂದರು, ಬಂದಿರಲಿಲ್ಲ. ಹೋಳಿಗೆಗೆಂದು ಗೋಧಿ ತಂದ ದಿನ ರಸ್ತೆ ಆಯಿತೆಂದರು, ಆಗಿರಲಿಲ್ಲ. ಪೈಪು ಒಡೆದ ದಿನ ಒಬ್ಬಳು ಕಡಲೆಬೇಳೆ ತಂದಿದ್ದಳು. ಬಾಗಿಲಲ್ಲಿ ನಿಂತು ನಾನು ಟ್ಯೂಬು ಕಟ್ಟಿದ್ದನ್ನು ನೋಡಿದ್ದಳು.

ಮರುದಿನ ರಾಯಚೂರು ಬಸ್ಸಿನ ಅರ್ಧ ನಮ್ಮದೇ. ಅಧಿಕಾರಿಯ ಕೋಣೆಯಲ್ಲಿ ಕುರ್ಚಿ ಸಾಲದೆ ಹೆಂಗಸರು ಗೋಡೆಗುಂಟ ನಿಂತರು. ದಾಖಲೆ ಎಲ್ಲಿ ಎಂದು ಕೇಳಿದರು ಅಧಿಕಾರಿ.

“ನಿಂತಾವಲ್ರಿ ಸಾಹೇಬ್ರ, ಸಾಲಿಗೆ,” ಎಂದಳು ಗಿರಣಿ ಅವ್ವ.

ಒಬ್ಬೊಬ್ಬರೂ ತಮ್ಮ ಹಿಟ್ಟು ಹೇಳಿ, ಅಂದದ್ದು ಹೇಳಿ, ಆದದ್ದು ಹೇಳಿದರು. ಚಾನೆಲ್ ಮಾಲೀಕ ತಡೆದ. “ಇವರೆಲ್ಲ ಒಂದೇ ಓಣಿಯವ್ರು ಸರ್, ಕಲ್ತು ಬಂದಾರ.”

ಕಡಲೆಬೇಳೆಯವಳು ಅವನ ಕಡೆ ತಿರುಗಿದಳು. “ಹೌದೇನಣ್ಣ? ಅವತ್ತು ನನ್ನ ಬಾಜೂಕ ಗೋದಿ ಡಬ್ಬಿ ಹಿಡ್ಕೊಂಡು ನಿಂತಾಕಿ ನಿಮ್ಮ ಮನಿಯಾಕಿನ. ಈ ಹುಡುಗ ಟ್ಯೂಬ್ ಕಟ್ಟೋದು ನೋಡಿ ಶಾಣ್ಯಾ ಅದಾನ ಅಂದಾಕಿನೂ ಆಕಿನ. ಫೋನ್ ಹಚ್ಚಿ ಕೇಳು.”

ಮಾಲೀಕ ಫೋನು ತೆಗೆದ, ನೋಡಿದ, ಮತ್ತೆ ಜೇಬಿಗೆ ಇಟ್ಟುಕೊಂಡ. ಹೆಂಡತಿಯ ಸಾಕ್ಷಿಯನ್ನು ಕೇಳಿ ತಿಳಿಯುವ ಧೈರ್ಯ ಯಾವ ಚಾನೆಲ್ಲಿಗಿದೆ? ನೀನೇನು ಹೇಳುತ್ತೀ ಎಂದು ಅಧಿಕಾರಿ ನನ್ನನ್ನು ಕೇಳಿದರು. ಬಸ್ಸಿನುದ್ದಕ್ಕೂ ಕಟ್ಟಿಕೊಂಡು ಬಂದ ಭಾಷಣ ವಿಧಾನಸೌಧ ನಡುಗುವಂಥದ್ದು. ಬಾಯಿಂದ ಬಂದದ್ದು ಇಷ್ಟೇ: “ಟ್ಯೂಬು ನಂದೇ ಸರ್. ಇನ್ನೂ ವಾಪಸ್ ಕೊಟ್ಟಿಲ್ಲ.”

ಅಧಿಕಾರಿಯ ಆದೇಶ ಬಂದು ಆ ವಾರವೇ, ಸಂಜೆ ಏಳಕ್ಕೆ, ಅದೇ ಹುಡುಗಿ, ಅದೇ ದನಿ. ಹುಡುಗ ಪೈಪು ಒಡೆದಿರಲಿಲ್ಲ, ನೀರು ನಿಲ್ಲಿಸುತ್ತಿದ್ದ, ನಾವು ಹೇಳಿದ್ದು ತಪ್ಪು ಎಂದು ಓದಿದಳು. ನನ್ನ ಮುಖ ಬರುವ ಹೊತ್ತಿಗೆ ಗಿರಣಿ ಅವ್ವ ಎದ್ದು, ಜನ್ಮದಲ್ಲಿ ಮೊದಲ ಸಲ, ಸೆರಗಿನಿಂದ ಟಿವಿಯ ಪರದೆ ಒರೆಸಿದಳು. ನನ್ನ ಅವ್ವ ಮಾತ್ರ ಪರದೆ ನೋಡಲಿಲ್ಲ, ಗಿರಣಿ ಅವ್ವನನ್ನೇ ನೋಡುತ್ತಿದ್ದಳು. ಪೇಟೆಯ ಆ ಮನೆಯವರು ಮರುದಿನ ತಾವೇ ಕರೆಯಲು ಬಂದರು. ಅವ್ವ ಎರಡು ದಿನ ಕಾಯಿಸಿ ಹೋದಳು.

ಬೇಸಿಗೆ ಕಳೆಯುವುದರೊಳಗೆ ಮಲ್ಲಟದ ಒಂದು ಗಿರಣಿಯಲ್ಲೂ ದೇವದುರ್ಗದ ಅವಳ ತಂಗಿಯ ಚಹಾದಂಗಡಿಯಲ್ಲೂ ಗೋಡೆಗಳ ಮೇಲೆ ‘ಅಂದದ್ದು’, ‘ಆದದ್ದು’ ಸಾಲುಗಳು ಎದ್ದವು. ಚಾನೆಲ್ಲಿನವರು ಕಾಲೊನಿಗೆ ಬಂದರೆ ಕ್ಯಾಮೆರಾ ತೆಗೆಯುವ ಮೊದಲು, “ಅವ್ವಾರ, ಏನಾಗ್ಯದ?” ಎಂದು ಕೇಳತೊಡಗಿದರು. ಹಾಗೆ ಕೇಳುವುದನ್ನು ಅವರಿಗೆ ಕಲಿಸಿದ್ದು ನಮ್ಮ ಎದುರು ಮನೆಯವಳು.

ಹೋದ ವರ್ಷ ಅವಳು ಹೋದಳು. ಎದೆಯಲ್ಲಿ ಹಿಟ್ಟು ತುಂಬಿತ್ತು ಎಂದರು ಡಾಕ್ಟರು, ಅಥವಾ ಹಾಗೇನೋ... ನಾನು ರಾಯಚೂರಿನಿಂದ ಬಸ್ಸು ಹತ್ತಿದಾಗಲೇ ಫೋನಿಗೆ ಚಾನೆಲ್ಲಿನ ಸುದ್ದಿ ಬಂದಿತ್ತು: ‘ಗಿರಣಿ ಮಾಲೀಕರ ಪತ್ನಿ ನಿಧನ.’

ಮಣ್ಣು ಮಾಡಿ, ಕೈಕಾಲು ತೊಳೆದು, ಹೆಂಗಸರೂ ನಾನೂ ನೇರ ಚಾನೆಲ್ ಆಫೀಸಿಗೆ ಹೋದೆವು. ಸುದ್ದಿ ಓದುತ್ತಿದ್ದ ಹುಡುಗಿಯೇ ಈಗ ಅಲ್ಲಿ ಸಂಪಾದಕಿ. ಎದ್ದು ನಿಂತಳು.

“ಗಿರಣಿ ಆಕೀದ. ಗಂಡಂದಲ್ಲ,” ಎಂದೆ.

“ತಪ್ಪಾಗ್ಯದ ತಮ್ಮಾ. ಈಗೇ ತಿದ್ದಿ ಹಾಕ್ತೀನಿ.”

“ಈಗ ಬ್ಯಾಡಕ್ಕ. ಏಳು ಗಂಟಿಗೆ.”

ಗಿರಣಿಯ ಬಾಗಿಲು ಆಗಲೇ ಮುಚ್ಚಿತ್ತು, ನಮ್ಮ ಮನೆಯ ಟಿವಿಯ ಮುಂದೆ ಎಲ್ಲರೂ ಕೂತೆವು. ಸಂಪಾದಕಿಯೇ ಕೂತು ಓದಿದಳು. ಗಿರಣಿ ಆ ತಾಯಿಯದೇ, ಕೂಲಿ ಮಾಡಿ ಹಾಕಿಸಿದ್ದು, ನಾವು ಹೇಳಿದ್ದು ತಪ್ಪು ಎಂದು, ಒಂದು ಮಾತೂ ನುಂಗದೆ. ನಾನು ಕಿವಿಗೊಟ್ಟು ಕೇಳಿದೆ, ಎಲ್ಲಾದರೂ ಒಂದು ತಪ್ಪು ಸಿಕ್ಕೀತೆಂದು. ಇರಲಿಲ್ಲ. ಗಿರಣಿ ಅವ್ವನ ಬಗ್ಗೆ ಆ ಚಾನೆಲ್ಲು ಅಷ್ಟು ಸರಿಯಾಗಿ ಹೇಳಿದ್ದು ಅದೇ ಮೊದಲು, ಮತ್ತು ಅದನ್ನು ಕೇಳಿ “ಹೂಂ, ಈಗ ಬರೋಬ್ಬರಿ” ಎನ್ನಲು ಅವಳಿರಲಿಲ್ಲ. ಯಾರೋ ಒಬ್ಬರು ಅನ್ನಬೇಕಿತ್ತು. ನನ್ನ ಅವ್ವ ಅಂದಳು.