ಚಿನ್ನಕ್ಕನ ಕೌದಿಯ ವಿಷ್ಣುಕ್ರಾಂತಿ

ಶ್ರಾವಣದ ಈ ಬೆಳಿಗ್ಗೆ ಬೆಳುಗುಪ್ಪದ ಹೊಲಗಳ ಮೇಲೆ ಮೋಡ ದಟ್ಟವಾಗಿ ಕೂತಿದೆ. ಹನಿ ಉದುರುತ್ತಿಲ್ಲ, ಬಿಸಿಲೂ ಇಲ್ಲ. ಗಾಳಿ ಮಾತ್ರ ಸೇಂಗಾ ಗಿಡಗಳನ್ನು ಒಂದೇ ಕಡೆಗೆ ಬಾಗಿಸುತ್ತಿದೆ. ಬದುವಿನ ಮೇಲೆ ಚಿನ್ನಕ್ಕ ಕಾಲು ಚಾಚಿ ಕೂತಿದ್ದಾರೆ. ತೊಡೆಯ ಮೇಲೆ ಹಳೆಯ ಕೌದಿ, ಕೈಯಲ್ಲಿ ಸೂಜಿ, ಎದುರಿಗೆ ನೆಲಕ್ಕೆ ಅಂಟಿಕೊಂಡ ವಿಷ್ಣುಕ್ರಾಂತಿ ಬಳ್ಳಿ. ಮೊಗ್ಗುಗಳು ಇನ್ನೂ ಮುಚ್ಚಿಯೇ ಇವೆ.

"ಇವತ್ತ ಕಣ್ಣು ಬಿಡಬೇಕ್ರಿ ಇದು. ನಾಳೆ ಅಂದ್ರ ಆಗಂಗಿಲ್ಲ," ಎನ್ನುತ್ತಾರೆ.

ಮಧ್ಯಾಹ್ನ ಪಕ್ಕದ ಮನೆಯ ಲಲಿತಾಳ ಮಗಳು ರಮ್ಯ, ಐದು ತಿಂಗಳ ಕೂಸಿನೊಂದಿಗೆ ಮಡಕಶಿರಾದ ಗಂಡನ ಮನೆಗೆ ಹೊರಡುತ್ತಾಳೆ. ಕೂಸಿನ ಜೊತೆ ಈ ಕೌದಿಯೂ ಹೋಗುತ್ತದೆ. ಅಷ್ಟರೊಳಗೆ ಎಂಟು ವರ್ಷದ ಹಿಂದಿನ ತಮ್ಮದೊಂದು ತಪ್ಪನ್ನು ಚಿನ್ನಕ್ಕ ಬಿಚ್ಚಿ ಹೊಲಿಯಬೇಕು.

ಐವತ್ತಾರರ ಚಿನ್ನಕ್ಕ ಕಳೆ ತೆಗೆಯುವ ಕೂಲಿಗೆ ಹೋಗುವವರು. ಎಂಟಕ್ಕೆ ಆಟೋ ಹತ್ತಿದರೆ ಮನೆ ಸೇರುವುದು ಸಂಜೆ ಐದಕ್ಕೆ. ಆಮೇಲೆ ಕೌದಿ. ಒಂದು ಕೌದಿಗೆ ಹನ್ನೊಂದು ಹಳೆ ಸೀರೆ, ನಲವತ್ತು ಸಂಜೆ. ಇದುವರೆಗೆ ಎಂಬತ್ತಮೂರು ಹೊಲಿದಿದ್ದಾರೆ. ಪ್ರತಿಯೊಂದರ ಮೂಲೆಯಲ್ಲಿ ಆ ಮನೆಯಲ್ಲಿ ತೀರಿಹೋದ ಹಿರಿಯ ಹೆಣ್ಣುಮಗಳು ಇಷ್ಟಪಟ್ಟ ಒಂದು ಕಾಡುಹೂ ಇರುತ್ತದೆ: ತುಂಬೆ, ತಂಗಡಿ, ಎಕ್ಕ. ಓಣಿಯ ಎಷ್ಟೋ ಮನೆಗಳಲ್ಲಿ ಮುತ್ತಜ್ಜಿಯ ಫೋಟೊ ಇಲ್ಲ. ಮಕ್ಕಳು ಕೌದಿಯ ಮೂಲೆಗೆ ಬೆರಳಿಟ್ಟು "ಇಕಿ ನಮ್ಮ ತಂಗಡಿ ಅಜ್ಜಿ" ಎನ್ನುತ್ತಾರೆ.

ಅಕ್ಷರ ಬಾರದ, ಪೆನ್ಸಿಲ್ ಹಿಡಿಯದ ಕೈಯದು. ಆದರೆ ತುಂಬೆಯ ತುಟಿಯ ಮಡಿಕೆ ಕೂಡ ಆ ದಾರದಲ್ಲಿ ಕಾಣುತ್ತದೆ. "ನಮ್ಮತ್ತಿ ಕಲಿಸಿದ್ದು ಒಂದ ಮಾತ್ರಿ. ಬೇರಿನ ಮ್ಯಾಲಿರೋ ಹೂವು ನೋಡು, ಕಂಡಂಗ ಹೊಲಿ, ಕೀಳಬ್ಯಾಡ ಅಂತ."

ಕಣ್ಣಿಗೆ ಪೊರೆ ಬಂದು ಆಪರೇಷನ್ ಆದಮೇಲೆ ಸೂಜಿಗೆ ದಾರ ಪೋಣಿಸುವ ಕೆಲಸ ಗಂಡ ಮೂಕಪ್ಪನದು. "ಕುರಿ ಕಾಯೋನು ನಾನು, ಇಕಿ ಕೈಯಾಗ ದರ್ಜಿ ಆಗೀನ್ರಿ. ದಿನಾ ಇಪ್ಪತ್ತು ಸೂಜಿ. ಲೀವ್ ಇಲ್ಲ!" ಎಂದು ಅವರು ನಗುತ್ತಾರೆ.

"ನಿನ್ನ ಕುರಿ ಆಗಲೇ ಮಂದಿ ಹೊಲಕ್ಕ ನುಗ್ಯಾವು, ಅದನ್ನ ನೋಡು ಮೊದಲು," ಚಿನ್ನಕ್ಕ ತಲೆ ಎತ್ತದೆ ಹೇಳುತ್ತಾರೆ. ಮೂಕಪ್ಪ ಕೋಲು ಹಿಡಿದು ಓಡುತ್ತಾರೆ.

ಆ ತಪ್ಪು ನಡೆದದ್ದು ಹೀಗೆ. ಲಲಿತಾಳ ತಾಯಿ ಆಡು ಮೇಯಿಸುವಾಗ ದಿನವೂ ಬದುವಿನ ಹನುಮಪ್ಪನ ಕಲ್ಲಿಗೆ ನಾಲ್ಕು ವಿಷ್ಣುಕ್ರಾಂತಿ ಏರಿಸುತ್ತಿದ್ದವರು. ಆಕೆ ತೀರಿದ ವರ್ಷ ಕಳೆ ಕೂಲಿಯ ಸುಗ್ಗಿ. ಬೆಳಗಿನ ಹೊತ್ತು ಚಿನ್ನಕ್ಕನಿಗೆ ಬಿಡುವೇ ಸಿಗಲಿಲ್ಲ. ಕೂಲಿಯ ನಡುವೆ ಬುತ್ತಿ ಉಣ್ಣುವ ಹೊತ್ತಿನಲ್ಲಿ ಬಳ್ಳಿಯ ಮುಂದೆ ಕೂತರು. ಬೆಳಿಗ್ಗೆ ಅರಳುವ ಆ ಹೂವು ಮಧ್ಯಾಹ್ನಕ್ಕೆ ಮುದುಡುತ್ತದೆ. ಕಂಡಂತೆಯೇ ಹೊಲಿದರು, ಮುದುಡಿದ್ದನ್ನು.

"ಲಲಿತಾ ನೋಡಿ, 'ನಮ್ಮವ್ವ ಯಾವತ್ತೂ ಹಿಂಗ ಮಾರಿ ಮುಚ್ಕಂಡು ಕುಂತಾಕಿ ಅಲ್ಲ' ಅಂದ್ಲು. ಅಷ್ಟ. ಮತ್ತ ಎತ್ತಲಿಲ್ಲ ಆ ಮಾತು. ನನಗ ಮಾತ್ರ ಆ ಮನಿ ಮುಂದ ಹಾಯೋದ ಕಷ್ಟ ಆತ್ರಿ." ಈ ವಾರ ತಾವೇ ಹೋಗಿ ಕೌದಿಯನ್ನು ಕೇಳಿ ತಂದಿದ್ದಾರೆ. ಮೂರು ದಿನವೂ ಮೋಡ. ಮೂರು ದಿನವೂ ಹೂ ಅರಳಲಿಲ್ಲ. ಇವತ್ತು ಕೊನೆಯದು.

ಎಂಟರ ಆಟೋ ಹಾರ್ನ್ ಹೊಡೆದು ಹೊರಟುಹೋಗುತ್ತದೆ. ಚಿನ್ನಕ್ಕ ಕದಲುವುದಿಲ್ಲ.

ಒಂಬತ್ತು ದಾಟಿದಾಗ ಮೋಡ ತುಸು ತೆಳುವಾಗುತ್ತದೆ. ಬದುವಿನ ಮೇಲೆ ಎಳೆ ಬಿಸಿಲು ಬೀಳುತ್ತದೆ. ಬಳ್ಳಿಯಲ್ಲಿ ಒಂದು ಹೂ, ಆಮೇಲೆ ಮೂರು, ಆಮೇಲೆ ಎಣಿಕೆ ತಪ್ಪುತ್ತದೆ. ಉಗುರಿಗಿಂತ ಚಿಕ್ಕ ನೀಲಿ, ನಡುವೆ ಬಿಳಿ ಚುಕ್ಕೆ. ಇಷ್ಟು ಸಣ್ಣದನ್ನು ಮಾಡಲು ದೇವರು ಎಷ್ಟು ಹೊತ್ತು ಕೂತಿದ್ದನೋ ಎಂದು, ನೋಡುವ ಯಾರ ಕೈಗಳೂ ತಾವಾಗಿ ಕೂಡುತ್ತವೆ. ಚಿನ್ನಕ್ಕನೂ ಕೈ ಮುಗಿದು, ಹಳೆಯ ಹೊಲಿಗೆಯನ್ನು ಎಳೆ ಎಳೆಯಾಗಿ ಬಿಚ್ಚಿ, ಸೂಜಿ ಆಡಿಸತೊಡಗುತ್ತಾರೆ. ಎರಡು ತಾಸು ಸೂಜಿ ನಿಲ್ಲುವುದಿಲ್ಲ.

ಮಧ್ಯಾಹ್ನ ಲಲಿತಾಳ ಮನೆ ಮುಂದೆ ಚೀಲಗಳು ಗಾಡಿಗೆ ಏರುತ್ತಿವೆ. ಚಿನ್ನಕ್ಕ ಕಟ್ಟೆಯ ಮೇಲೆ ಕೌದಿಯ ಮೂಲೆಯನ್ನಷ್ಟೇ ಬಿಡಿಸುತ್ತಾರೆ. ಲಲಿತಾಳ ಬೆರಳು ನೀಲಿಯ ಮೇಲೆ ಸರಿದು ನಿಲ್ಲುತ್ತದೆ.

"ಚಿನ್ನಕ್ಕಾ, ಅವತ್ತ ನಾನು ಸುಮ್ನ ಅಂದಿದ್ದೆ..."

"ಖರೇನ ಅಂದಿದ್ದಿ ಬಿಡು." ಚಿನ್ನಕ್ಕ ಕೌದಿಯನ್ನು ಮಡಚಿ, ಹೂವು ಮೇಲೆ ಬರುವಂತೆ ಎರಡೂ ಕೈಯಿಂದ ಅವಳ ಕೈಗೆ ಇಡುತ್ತಾರೆ. "ತಗೋ, ನಿಮ್ಮವ್ವ."