ಅಪ್ಪನ ಎಡಗೈ

ನನ್ನ ಅಪ್ಪ ಹಾಲ್ವಾರ್, ಕಾರಿನ ತಗಡನ್ನು ಕಣ್ಣಿನಿಂದ ನೋಡುತ್ತಿರಲಿಲ್ಲ. ಎಡಗೈಗೆ ತೆಳ್ಳನೆಯ ಹತ್ತಿಯ ಗ್ಲೌಸು ಹಾಕಿಕೊಂಡು, ಮುಖವನ್ನು ಬೇರೆ ಕಡೆ ತಿರುಗಿಸಿ, ಅಂಗೈಯನ್ನು ಪೂರ್ತಿ ಊರಿ ಮಡ್‌ಗಾರ್ಡಿನ ಮೇಲೆ ಓರೆಯಾಗಿ ಒಂದು ಸಲ ಆಚೆ, ಒಂದು ಸಲ ಈಚೆ ಆಡಿಸುತ್ತಿದ್ದ. ಕೈ ಎಲ್ಲಿ ಅನುಮಾನಿಸಿತೋ ಅಲ್ಲಿ ಸೀಮೆಸುಣ್ಣದ ಗುರುತು, ಆಮೇಲೆ ಸುತ್ತಿಗೆ. ಕೆಲಸ ಮುಗಿದ ಮೇಲೆ ತಗಡನ್ನು ಅಂಗೈಯಿಂದ ಎರಡು ಸಲ ತಟ್ಟುತ್ತಿದ್ದ. ಅಷ್ಟಾದರೆ ಬಣ್ಣಕ್ಕೆ ಕಳಿಸಬಹುದು ಎಂದು ಅರ್ಥ. ನಮ್ಮ ನದಿಯ ಎರಡೂ ದಡದಲ್ಲಿ ಹಳೆಯ ಅಮೆರಿಕನ್ ಕಾರು ಇಟ್ಟುಕೊಂಡವರೆಲ್ಲ ಆ ತಟ್ಟುವ ಸದ್ದಿಗೆ ಕಾಯುತ್ತಿದ್ದರು.

ಅದು ಅವನ ಸಂಜೆಯ ಕೆಲಸ, ಬೇರೆಯವರ ಕೊಟ್ಟಿಗೆಗಳಲ್ಲಿ. ಹಗಲು ಬಸ್ಸಿನ ಬಾಡಿ ಕಟ್ಟುವ ಕಾರ್ಖಾನೆಯಲ್ಲಿ ಗ್ರೈಂಡರ್ ಹಿಡಿದು ಬೆಸುಗೆ ಉಜ್ಜುತ್ತಿದ್ದ, ಹದಿನೇಳನೇ ವಯಸ್ಸಿನಿಂದ. ಸಂಜೆ ಮನೆಯಲ್ಲಿರುವ ಗಂಡ ಬೇಕು ಅಂದುಕೊಂಡ ಅಮ್ಮ ನಾನು ಚಿಕ್ಕವಳಿದ್ದಾಗಲೇ ಯೆವ್ಲೆ ಪಟ್ಟಣಕ್ಕೆ ಹೋಗಿ ಬೇರೆ ಸಂಸಾರ ಮಾಡಿಕೊಂಡಳು. ಜಗಳವೇನೂ ಆಗಲಿಲ್ಲ. ಅವಳ ಪೆಟ್ಟಿಗೆಗಳನ್ನು ಕಾರಿಗೆ ತುಂಬಿದವನು ಅಪ್ಪನೇ. ಹಾಗೇ ಕಾರಿನ ಬಾಗಿಲಿನ ಮೇಲೆ ಕೈಯಾಡಿಸಿ, "ಇದನ್ನ ಯಾರು ತಟ್ಟಿದ್ದು? ಚೆನ್ನಾಗಿಲ್ಲ," ಅಂದನಂತೆ. ಅಮ್ಮ ಇವತ್ತಿಗೂ ಇದನ್ನು ಹೇಳಿ ನಗುತ್ತಾಳೆ.

ನನ್ನ ಗಂಡ ರಾಸ್ಮುಸ್ ಅದೇ ಕಾರ್ಖಾನೆಯಲ್ಲಿ ಬಣ್ಣ ಹೊಡೆಯುತ್ತಿದ್ದ. ನಮ್ಮ ಮಗಳು ತೂವಾ ಹುಟ್ಟಿದ ಚಳಿಗಾಲದಲ್ಲಿ ಅವನು ಕೆಲಸ ಬಿಟ್ಟ. "ಹಾಲ್ವಾರ್ ಕೈ ನಮ್ಮನೇಲೇ ಇದೆ. ನಾನ್ಯಾಕೆ ಇನ್ನೊಬ್ಬರ ಬಸ್ಸಿಗೆ ಹಳದಿ ಬಳೀತಾ ಕೂತ್ಕೋಬೇಕು?" ಎಂದ. ಆಗಲೇ ಕಾರ್ಖಾನೆಯಿಂದ ನಿವೃತ್ತನಾಗಿದ್ದ ಅಪ್ಪ ಬೇಡ ಅನ್ನಲಿಲ್ಲ. ಬೇಕು ಅಂತಲೂ ಅನ್ನಲಿಲ್ಲ. ಮುಚ್ಚಿಹೋಗಿದ್ದ ಹಾಲಿನ ಡೈರಿಯನ್ನು ಪುರಸಭೆಯಿಂದ ಬಾಡಿಗೆಗೆ ಹಿಡಿದರು. ಹಳೆಯ ಕಾರುಗಳನ್ನು ಬೇಕಾದ ಹಾಗೆ ಕತ್ತರಿಸಿ, ಎತ್ತರ ಇಳಿಸಿ, ಬೆಸೆದು ಹೊಸದು ಮಾಡಿಕೊಡುವ ವರ್ಕ್‌ಶಾಪು. ನಾನು ಹೆರಿಗೆ ರಜೆಯಲ್ಲಿದ್ದೆ. ತೂವಾಳನ್ನು ತಳ್ಳುಗಾಡಿಯಲ್ಲಿ ಹಾಕಿಕೊಂಡು ದಿನವೂ ಅಲ್ಲಿಗೆ ಹೋಗುತ್ತಿದ್ದೆ. ಅವಳು ಹೊರಗೆ ಕಿಟಕಿಯ ಕೆಳಗೆ, ಹಿಮದಲ್ಲಿ, ಗಾಡಿಯಲ್ಲೇ ಕುರಿಚರ್ಮದ ಚೀಲದೊಳಗೆ ನಿದ್ದೆ ಮಾಡುತ್ತಿದ್ದಳು; ಇಲ್ಲಿ ಕೂಸುಗಳನ್ನು ಮಲಗಿಸುವುದೇ ಹಾಗೆ. ನಾನು ಒಳಗೆ ಸಾಮಾನು ಒರೆಸುತ್ತಿದ್ದೆ. ಆ ತಿಂಗಳುಗಳಲ್ಲಿ ನನಗೆ ಏನನ್ನಿಸುತ್ತಿತ್ತು ಎಂದು ಯಾರಾದರೂ ಕೇಳಿದರೆ ಹೇಳುವಂಥದ್ದೇನೂ ಇರಲಿಲ್ಲ. ಮಗು ಅತ್ತರೆ ಹಾಲು ಕೊಡುತ್ತಿದ್ದೆ. ಒರೆಸಿದ್ದು ಮತ್ತೆ ಧೂಳಾದರೆ ಮತ್ತೆ ಒರೆಸುತ್ತಿದ್ದೆ.

ಕಾರು ಎತ್ತುವ ಲಿಫ್ಟಿನ ಎರಡು ಕಂಬಗಳನ್ನು ಡೈರಿಯ ತೆಳ್ಳನೆಯ ನೆಲ ತಡೆಯುವಂತಿರಲಿಲ್ಲ. ಅಲ್ಲಿ ನೆಲ ಒಡೆದು, ಕಂಬಿ ಕಟ್ಟಿ, ದಪ್ಪಗೆ ಕಾಂಕ್ರೀಟ್ ಹಾಕಿದರು. ಗಟ್ಟಿಯಾಗುವ ತನಕ ಯಾರೂ ಕಾಲಿಡಬಾರದು ಎಂದು ರಾಸ್ಮುಸ್ ಹಗ್ಗ ಕಟ್ಟಿದ; ಪಕ್ಕದ ಮನೆಯ ಬೆಕ್ಕು ಕಾಲಿಟ್ಟಿತು. ಕಂಪ್ರೆಸರನ್ನು ಹಾಲು ತಣ್ಣಗಿಡುತ್ತಿದ್ದ ಕೋಣೆಯಲ್ಲಿಟ್ಟರು, ಗೋಡೆ ದಪ್ಪ, ಗದ್ದಲ ಹೊರಗೆ ಬರುವುದಿಲ್ಲ. ಗಾಳಿಯ ಪೈಪುಗಳನ್ನು ಸ್ವಲ್ಪ ಇಳಿಜಾರಾಗಿ ಎಳೆದು ಕೊನೆಗೊಂದು ನಲ್ಲಿ ಇಟ್ಟರು. ಇಲ್ಲದಿದ್ದರೆ ಪೈಪಿನೊಳಗೆ ಕೂತ ನೀರು ಸ್ಪ್ರೇ ಗನ್ನಿನಿಂದ ಬಣ್ಣದ ಜೊತೆ ಹಾರುತ್ತದೆ. ಚೀಸ್ ಮಾಡುತ್ತಿದ್ದ ಕೋಣೆ ಬಣ್ಣದ ಕೋಣೆಯಾಯಿತು. ಗೋಡೆಗೆಲ್ಲ ಬಿಳಿ ಟೈಲು, ನೆಲದಲ್ಲಿ ಮೋರಿ, ತೊಳೆಯುವುದು ಸುಲಭ. ಹವೆ ಬೆಚ್ಚಗಾದ ದಿನ ಗೋಡೆಗಳಿಂದ ಹುಳಿ ಹಾಲಿನ ವಾಸನೆ ಬರುತ್ತಿತ್ತು.

ದೀಪಗಳ ವಿಷಯ ಬಂದಾಗ ಅಪ್ಪ ಮೊದಲ ಸಲ ತಾನಾಗಿ ಬಾಯಿಬಿಟ್ಟ. ಒಂದು ಗೋಡೆಯ ಉದ್ದಕ್ಕೂ, ಸೊಂಟದ ಎತ್ತರದಲ್ಲಿ, ಟ್ಯೂಬ್‌ಲೈಟಿನ ಸಾಲು ಬೇಕು ಎಂದ. ತಗಡನ್ನು ಒದ್ದೆ ಮಾಡಿ ಅದರಲ್ಲಿ ದೀಪದ ಗೆರೆ ಬೀಳುವ ಹಾಗೆ ನಿಲ್ಲಿಸಿದರೆ, ಉಬ್ಬುತಗ್ಗು ಇದ್ದಲ್ಲಿ ಗೆರೆ ಸೊಟ್ಟಗಾಗುತ್ತದೆ.

"ಇದೇನು ಹಾಲ್ವಾರ್, ಕಾರಿಗೆ ಕ್ಷೌರ ಮಾಡ್ತೀಯಾ?" ಎಂದ ರಾಸ್ಮುಸ್.

"ನಿಂಗೆ ಬೇಕಾಗುತ್ತೆ."

"ನಂಗಾ? ದೀಪ ನೋಡ್ಕೊಂಡು ತಗಡು ತಟ್ಟೋರೆಲ್ಲ ಬ್ಯಾಂಕಲ್ಲಿರಬೇಕಾದೋರು ಅಂತಿದ್ದೋನು ನೀನು."

"ವಯಸ್ಸಾಯ್ತಲ್ಲ. ಬ್ಯಾಂಕಿಗೆ ಸೇರ್ಕೋಬೇಕು ಅಂತಿದೀನಿ."

ರಾಸ್ಮುಸ್ ನಗುತ್ತ ದೀಪ ಹಾಕಿಕೊಟ್ಟ.

ಮಾರ್ಚ್ ತಿಂಗಳ ಒಂದು ದಿನ ನಾನೂ ಅಪ್ಪನೂ ಇಬ್ಬರೇ ಇದ್ದೆವು. ಅಪ್ಪ ಸೌದೆ ಒಲೆಯ ಮೇಲಿಂದ ಕಾಫಿ ಕೆಟಲನ್ನು ಎಡಗೈಯಲ್ಲಿ ಎತ್ತಿಕೊಂಡು ಸಕ್ಕರೆ ಹುಡುಕುತ್ತಿದ್ದ. ಕೆಟಲಿನ ಹಿಡಿಯ ಮರ ಯಾವತ್ತೋ ಬಿದ್ದುಹೋಗಿ ಬರೀ ಕಬ್ಬಿಣ ಉಳಿದಿತ್ತು. ನಾವೆಲ್ಲ ಬಟ್ಟೆ ಸುತ್ತಿ ಹಿಡಿಯುತ್ತಿದ್ದೆವು. ಚರ್ಮ ಸುಟ್ಟ ವಾಸನೆ ನನಗೆ ಬಂತು. ಅವನಿಗೆ ಬಂದಿರಲಿಲ್ಲ.

"ಅಪ್ಪ, ಕೈ."

"ಏನು?"

"ಕೆಳಗಿಡು ಅದನ್ನ."

ಇಟ್ಟು ಅಂಗೈ ನೋಡಿಕೊಂಡ. ಬೇರೆ ಯಾರದೋ ಕೈ ನೋಡುವ ಹಾಗೆ. ನಾನು ಅದನ್ನು ನಲ್ಲಿಯ ಕೆಳಗೆ ಹಿಡಿದೆ. ಚಳಿಗೆ ಅವನ ಬೆರಳು ಬಿಳಿಚಿಕೊಳ್ಳುವುದು ನನಗೆ ಗೊತ್ತಿತ್ತು. ಅದುರುವ ಗ್ರೈಂಡರ್ ಹಿಡಿದವರಿಗೆಲ್ಲ ಆಗುತ್ತದೆ, ಇಲ್ಲಿ ಅದೊಂದು ಸುದ್ದಿಯೇ ಅಲ್ಲ. ಇದು ಬೇರೆ.

"ಯಾವಾಗಿಂದ?"

"ಬಲಗೈ ಮರಗಟ್ಟಿ ಬಹಳ ದಿನ ಆಯ್ತು. ಎಡಗೈ ಕಳೆದ ಚಳಿಗಾಲದಿಂದ."

"ತೂವಾನ ಎತ್ಕೊಂಡಾಗ?"

"ಭಾರ ಗೊತ್ತಾಗುತ್ತೆ." ಕೈಯನ್ನು ನೀರಿನಡಿ ಹೊರಳಿಸಿದ. "ಬಿಸಿ ಇದಾಳೋ ತಣ್ಣಗಿದಾಳೋ ಅಂತ ಗಲ್ಲ ಇಟ್ಟು ನೋಡ್ತೀನಿ."

ಮುಲಾಮು ಹಚ್ಚಿ, ತೂವಾಳ ಮೆತ್ತನೆಯ ಬಟ್ಟೆಯೊಂದನ್ನು ಹರಿದು ಕಟ್ಟಿದೆ. ಆಸ್ಪತ್ರೆಗೆ ಹೋಗಬೇಕು ಎಂದೆ. ಹೋಗುತ್ತೇನೆ ಎಂದ. ಆದರೆ ಮೊದಲ ಕಾರು ಹೊರಗೆ ಹೋಗುವ ತನಕ ರಾಸ್ಮುಸ್‌ಗೆ ಹೇಳಬೇಡ ಎಂದ. "ಅವನು ಕೆಲಸ ಬಿಟ್ಟಿದ್ದೇ ಈ ಕೈ ನಂಬ್ಕೊಂಡು, ಫ್ರೀಡಾ. ಒಂದು ಕಾರು. ಅದಾದ್ಮೇಲೆ ನಾನೇ ಹೇಳ್ತೀನಿ." ನಾನು ಹೂಂ ಎಂದೆ.

ಮೊದಲ ಕಾರು ಗುನ್‌ಬ್ರಿಟ್‌ಳದ್ದು. ಆಕೆ ಮೂವತ್ತು ವರ್ಷ ಮರದ ಲಾರಿ ಓಡಿಸಿ ನಿವೃತ್ತಳಾದವಳು. ಅವಳ ಐವತ್ತೊಂಬತ್ತರ ಷೆವರ್ಲೆಯ ಬಾನೆಟ್ಟು ನಮ್ಮ ಊಟದ ಮೇಜಿಗಿಂತ ಅಗಲ. ಅದರ ಮೇಲಿನ ಅಲಂಕಾರದ ಪಟ್ಟಿಗಳನ್ನೆಲ್ಲ ತೆಗೆದು, ತೂತು ಮುಚ್ಚಿ, ಒಂದೇ ಸಮ ಮಾಡಿ ಕಪ್ಪು ಬಣ್ಣ ಹೊಡೆಯಬೇಕು. ಬಿಳಿಯೋ ಕೆನೆಯೋ ಆಗಿದ್ದರೆ ಸಣ್ಣಪುಟ್ಟದ್ದು ಕಾಣುವುದಿಲ್ಲ. ಕಪ್ಪಿನಲ್ಲಿ ಎಲ್ಲವೂ ಕಾಣುತ್ತದೆ.

ಅಪ್ಪ ಬಾನೆಟ್ಟನ್ನು ಸ್ಟ್ಯಾಂಡಿನ ಮೇಲಿಟ್ಟು, ಒದ್ದೆ ಮಾಡಿ, ದೀಪದ ಗೆರೆ ನೋಡಿಕೊಂಡು ತಟ್ಟಿದ. ತೀರ ಸಣ್ಣ ಅಲೆ ಒದ್ದೆ ತಗಡಿನಲ್ಲಿ ಕಾಣುವುದಿಲ್ಲ, ಕೈಗೇ ಸಿಗಬೇಕು. ರಾಸ್ಮುಸ್ ಬಣ್ಣದ ಕೋಣೆಯ ಫ್ಯಾನು ಕೂರಿಸುತ್ತ ಒಳಗಿರುತ್ತಿದ್ದ. ಒಂದು ಮಧ್ಯಾಹ್ನ ಅಪ್ಪ ತನ್ನ ಹತ್ತಿಯ ಗ್ಲೌಸನ್ನು ನನ್ನ ಕಡೆ ಚಾಚಿದ.

"ಹಾಕ್ಕೋ. ಬೆರಳಿಂದ ಅಲ್ಲ, ಅಂಗೈಯಿಂದ. ಅವಸರ ಬೇಡ. ಏನ್ ಗೊತ್ತಾಗುತ್ತೆ?"

"ತಗಡು."

"ಅದು ನಂಗೂ ಗೊತ್ತು."

ಮತ್ತೆ ಆಡಿಸಿದೆ. ಏನೂ ಇಲ್ಲ. ಕಣ್ಣು ಮುಚ್ಚು ಎಂದ. ಮುಚ್ಚಿದೆ. ಮೂರನೆಯದೋ ನಾಲ್ಕನೆಯದೋ ಸಲ, ನಡುವೆ ಒಂದು ಕಡೆ ಕೈ ಸ್ವಲ್ಪ ತಡೆದ ಹಾಗಾಯಿತು.

"ಇಲ್ಲಿ. ಹೆಂಗೆ ಹೇಳೋದು... ಹಲ್ಲು ಬರೋಕೆ ಮುಂಚೆ ಒಸಡು ಇರುತ್ತಲ್ಲ, ಹಂಗಿದೆ."

"ಚೂಪಾ, ಅಗಲನಾ?"

"ಅಗಲ. ಎರಡು ಹಲ್ಲು ಒಟ್ಟಿಗೆ ಬರೋ ಥರ."

ಅಪ್ಪ ಗುರುತು ಹಾಕಿದ. ಕೆಳಗಿನಿಂದ ಕಬ್ಬಿಣದ ಗಟ್ಟಿಯನ್ನು ಆನಿಸಿ, ಮೇಲಿನಿಂದ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದ. ಹೀಗೆ ಕೆಲವು ದಿನ ನಡೆಯಿತು. ತೂವಾ ಮಲಗಿದಷ್ಟು ಹೊತ್ತು ನನ್ನ ಕೈ, ಅವನ ಸುತ್ತಿಗೆ. ರಾಸ್ಮುಸ್ ಹೊರಗೆ ಬಂದರೆ ನಾನು ಒರೆಸುವ ಬಟ್ಟೆ ಎತ್ತಿಕೊಳ್ಳುತ್ತಿದ್ದೆ. ಕೊನೆಗೆ ಪ್ರೈಮರ್ ಬಿತ್ತು, ಉಜ್ಜಿದ್ದಾಯಿತು. ಅಪ್ಪ ರಾಸ್ಮುಸ್‌ನನ್ನು ಕರೆದು, ಬಾನೆಟ್ಟಿನ ಮೇಲೆ ಎಡಗೈ ಆಡಿಸಿದ ಹಾಗೆ ಮಾಡಿ, ಎರಡು ಸಲ ತಟ್ಟಿದ. ನನ್ನ ಮುಖ ನೋಡಲಿಲ್ಲ.

ಕಪ್ಪು ಬಣ್ಣ ಒಣಗಿದ ಮರುದಿನ ಬಾನೆಟ್ಟನ್ನು ದೀಪದ ಮುಂದೆ ತಂದರು. ಕಾರಿನ ಮುಂದಿನ ಗಾಜಿನ ಕಡೆಯ ಎಡಮೂಲೆಯಲ್ಲಿ ಒಂದು ಅಲೆ ಇತ್ತು. ದೀಪದ ಗೆರೆ ಅಲ್ಲಿಗೆ ಬಂದು ಒಂದು ಬಳುಕು ಬಳುಕಿ ಮುಂದೆ ಹೋಗುತ್ತಿತ್ತು. ನನ್ನ ಕೈಗೆ ಅದು ಸಿಕ್ಕಿತ್ತು. ಕಾರಿನ ಆಕಾರವೇ ಹಾಗೆ ಅಂದುಕೊಂಡು ಮುಂದೆ ಹೋಗಿದ್ದೆ.

ರಾಸ್ಮುಸ್ ಬಗ್ಗಿ ನೋಡಿದ, ಆ ಕಡೆಯಿಂದ, ಈ ಕಡೆಯಿಂದ. "ನಂದೇ ತಪ್ಪು," ಎಂದ. "ಕೋಣೆ ತಣ್ಣಗಿತ್ತು. ಪ್ರೈಮರ್ ಕುಗ್ಗಿದೆ."

ಅಪ್ಪ ಒಲೆಗೆ ಸೌದೆ ಹಾಕಲು ಹೋದ.

ರಾಸ್ಮುಸ್ ಹೀಟರು ಬಿಚ್ಚಿದ. ಹೀಟರು ಸರಿಯಿತ್ತು. ಹಾಗಾದರೆ ಗಾಳಿಯಲ್ಲಿ ನೀರಿರಬೇಕು ಎಂದು ಪೈಪುಗಳ ಕೊನೆ ಬಿಚ್ಚಿ ನೋಡಿದ. ಒಣಗಿತ್ತು. ಸ್ಪ್ರೇ ಗನ್ನನ್ನು ಬಿಡಿಬಿಡಿ ಮಾಡಿ ಬಟ್ಟೆಯ ಮೇಲೆ ಸಾಲಾಗಿ ಜೋಡಿಸಿ ತೊಳೆದ. ಬಾನೆಟ್ಟನ್ನು ಮಾತ್ರ ಮುಟ್ಟಲಿಲ್ಲ. ಅಪ್ಪ ತಟ್ಟಿದ ತಗಡಿನಲ್ಲಿ ಅಲೆ ಇರಬಹುದು ಎಂಬುದು ಅವನ ತಲೆಗೇ ಬರಲಿಲ್ಲ. ಮನೆಯಲ್ಲಿ ಊಟ ಮಾಡುವಾಗ, "ಬಸ್ಸಿಗೇ ಲಾಯಕ್ಕು ನಾನು," ಎಂದ. ನಾನು ಆಲೂಗಡ್ಡೆ ಬಡಿಸಿದೆ. ಮಾತು ಕೊಟ್ಟಿದ್ದೆ. ಕೊಟ್ಟಿರದಿದ್ದರೆ ಹೇಳುತ್ತಿದ್ದೆನೇ ಎಂಬುದೂ ಗೊತ್ತಿಲ್ಲ. ಆಲೂಗಡ್ಡೆ ಚೆನ್ನಾಗಿ ಬೆಂದಿತ್ತು.

ಮರುದಿನ ವರ್ಕ್‌ಶಾಪಿನಲ್ಲಿ ಬೆಳಗಿನ ಕಾಫಿಗೆ ಕೂತಿದ್ದಾಗ ರಾಸ್ಮುಸ್, ಕಾರ್ಖಾನೆಯ ಹಳೆಯ ಮೇಸ್ತ್ರಿಗೆ ಫೋನ್ ಮಾಡಿ ಬೇರೆ ಯಾರಾದರೂ ಬಣ್ಣದವನು ಸಿಗುತ್ತಾನೋ ಕೇಳುತ್ತೇನೆ ಎಂದ. ಅಪ್ಪ ಲೋಟ ಕೆಳಗಿಟ್ಟ.

"ನಿನ್ನ ಗನ್ನು ಸರಿಯಾಗಿದೆ," ಎಂದ. "ಕೋಣೆನೂ ಸರಿಯಾಗಿದೆ. ಕೈ ಸರಿ ಇಲ್ಲ."

"ನನ್ನ ಕೈಗೇನಾಗಿದೆ?"

"ನಿಂದಲ್ಲ."

ರಾಸ್ಮುಸ್ ಅಪ್ಪನ ಎಡಗೈಯನ್ನು ಮೇಜಿನ ಮೇಲೆ ಎಳೆದುಕೊಂಡ. ತೋರುಬೆರಳ ತುದಿಯನ್ನು ಉಗುರಿನಿಂದ ಒತ್ತಿದ.

"ಇದು?"

"ಇಲ್ಲ."

"ಇದು?"

"ಇಲ್ಲ."

ಅಂಗೈಯ ನಡುವೆ ಒತ್ತಿದ, ಹೆಬ್ಬೆರಳ ಬುಡದಲ್ಲಿ ಒತ್ತಿದ. ಅಪ್ಪ ಕಿಟಕಿಯಾಚೆ ತಳ್ಳುಗಾಡಿಯನ್ನು ನೋಡುತ್ತ ಇಲ್ಲ ಇಲ್ಲ ಎನ್ನುತ್ತಿದ್ದ. ಮಣಿಕಟ್ಟಿಗೆ ಬಂದಾಗ, "ಇಲ್ಲಿ ಸ್ವಲ್ಪ," ಎಂದ.

ರಾಸ್ಮುಸ್ ನನ್ನ ಕಡೆ ತಿರುಗಿದ. "ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ತಗಡು ನೋಡಿದ್ದು ಯಾರು?"

"ನಾನು."

ಅವನು ಎದ್ದು ಹೊರಗೆ ಹೋದ. ಹಿಮದಲ್ಲಿ ತಳ್ಳುಗಾಡಿಯ ಪಕ್ಕ ನಿಂತು ಅದನ್ನು ಹಿಂದೆ ಮುಂದೆ ಆಡಿಸುತ್ತಿದ್ದ. ತೂವಾ ಎದ್ದಿರಲೇ ಇಲ್ಲ. ನಾವಿಬ್ಬರೂ ಕಾಫಿ ಮುಗಿಸಿದೆವು.

ಅಪ್ಪ ಅಂದೇ ಗುನ್‌ಬ್ರಿಟ್‌ಗೆ ಫೋನ್ ಮಾಡಿ ಬಾ ಎಂದ. ಆಕೆ ಬಂದು, ಬೂಟಿನ ಹಿಮ ಒದರಿ, ಅಲೆಯನ್ನು ನೋಡಿದಳು. ಅಪ್ಪ ಎದುರಿಗೆ ನಿಂತೇ ಹೇಳಿದ. ಕೈ ಸತ್ತಿದೆ, ನಿನಗೆ ಹೇಳದೆ ಕೆಲಸ ಹಿಡಿದೆ, ಬೇಕಾದರೆ ಕಾರು ತೆಗೆದುಕೊಂಡು ಹೋಗು.

"ನಿನ್ನ ಕೈ ಅಂತ ಬಂದೆ ಅಂದ್ಕೊಂಡ್ಯಾ?" ಎಂದಳು ಗುನ್‌ಬ್ರಿಟ್. "ಬೇರೆ ಯಾವನೂ ಫೋನೇ ಎತ್ತಲಿಲ್ಲ."

"ಗುನ್‌ಬ್ರಿಟ್."

"ಸರಿ, ಕೈ ಅಂತಾನೇ ಬಂದೆ. ಈಗೇನ್ ಮಾಡೋಣ? ನನ್ನ ಸೊಂಟಾನೂ ಹೋಗಿದೆ. ಬೇಸಿಗೆಗೆ ಕಾರು ಬೇಕು. ಯಾರು ಬೇಕಾದ್ರೂ ಮುಟ್ಲಿ, ನೆಟ್ಟಗಿದ್ರೆ ಸಾಕು."

ಕಾರು ಬಿಟ್ಟು ಹೋದಳು. ಅವಳ ಬಾಯಿ ಊರಿಗೆಲ್ಲ ಗೊತ್ತಿದ್ದದ್ದೇ. ಆ ವಾರದಲ್ಲೇ ಮುಂದಿನ ಸರದಿಯಲ್ಲಿದ್ದ ಇಬ್ಬರು ಬೇರೆ ಏರ್ಪಾಡು ಮಾಡಿಕೊಂಡಿದ್ದೇವೆ ಎಂದು ತಿಳಿಸಿದರು. ಒಬ್ಬ ಮಾತ್ರ ಉಳಿದ. ಅಪ್ಪ ಆಸ್ಪತ್ರೆಗೆ ಹೋಗಿ ಬಂದ. ಹೋದದ್ದು ತಿರುಗಿ ಬರುವುದಿಲ್ಲ, ಉಳಿದದ್ದನ್ನು ಬೆಚ್ಚಗಿಟ್ಟುಕೊಳ್ಳಬೇಕು ಎಂದರಂತೆ.

ರಾಸ್ಮುಸ್ ಬಾನೆಟ್ಟಿನ ಕಪ್ಪನ್ನು ಉಜ್ಜಿ ತೆಗೆದ. ಎರಡು ದಿನ ಬಣ್ಣದ ಕೋಣೆಯಲ್ಲಿ ಒಬ್ಬನೇ ಕೂತು ಕಾಫಿ ಕುಡಿದ. ಮೂರನೆಯ ದಿನ ತೂವಾಳನ್ನು ಹೆಗಲಿಗೆ ಹಾಕಿಕೊಂಡು ಬಂದು ಬಾನೆಟ್ಟಿನ ಹತ್ತಿರ ನಿಂತ. ನಾನು ಒರೆಸುವ ಬಟ್ಟೆಗೆ ಕೈ ಹಾಕಿದೆ.

"ಬಿಡು ಅದನ್ನ," ಎಂದ. "ಹೆಂಗೆ ಮಾಡ್ತೀರೋ ನೋಡ್ತೀನಿ."

ಕಣ್ಣು ಮುಚ್ಚಿ ಮೂಲೆಯ ಮೇಲೆ ಅಂಗೈ ಇಟ್ಟೆ. ಅಲೆ ಅಲ್ಲೇ ಇತ್ತು. ಅಪ್ಪ ಕೆಳಗೆ ಗಟ್ಟಿ ಆನಿಸಿ ತಟ್ಟಿದ.

"ಈಗ?"

"ಇದೆ."

ತಟ್ಟಿದ.

"ಈಗ?"

"ಇನ್ನೂ ಇದೆ. ಗಾಜಿನ ಕಡೆಗೆ ಜರುಗಿದೆ."

"ಎಷ್ಟು?" ಎಂದು ಕೇಳಿದವನು ರಾಸ್ಮುಸ್.

ನಾನು ಸೀಮೆಸುಣ್ಣ ತೆಗೆದುಕೊಂಡು ಗುರುತು ಹಾಕಿದೆ. ಅಪ್ಪ ಆ ಗುರುತನ್ನು ನೋಡಿ ಸುತ್ತಿಗೆಯನ್ನು ಅಲ್ಲಿಗೆ ತಂದ.